ಮಲಗಿ ನೋಡಿದ ಸಿಂಹಳ

ಸಿಂಹಳ ಹೇಗಿತ್ತು ಎಂದು ನನ್ನ ಅಂಗಡಿಗೆ ಸೀರೆ ಕೊಳ್ಳಲು ಬಂದವರು ಕೇಳುತ್ತಾರೆ. "ಆಕಾಶ ಬಹಳ ಚೆನ್ನಾಗಿತ್ತು" ಎನ್ನುತ್ತೇನೆ. ನಗುತ್ತಾರೆ. ನಗಲಿ. ಕಡಲು ದಾಟಿ ಹೊರದೇಶ ನೋಡಿ ಬಂದವರು ಕೊಳ್ಳೇಗಾಲದಲ್ಲಿ ಇನ್ನೂ ಕೆಲವರಿರಬಹುದು. ಆದರೆ ಆ ದೇಶದ ಬೆಟ್ಟಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿ, ಕಿಟಕಿಯೊಳಗೆ ಹಾದುಹೋದಷ್ಟನ್ನೇ ನೋಡಿದವನು ನಾನೊಬ್ಬನೇ ಇರಬೇಕು. ಸೊಂಟ ನೋವಿದ್ದವರು ಮನೆಯಲ್ಲಿರಬೇಕು ಎಂದು ಬುದ್ಧಿ ಹೇಳುವವರು ಊರಿಗೆ ಹತ್ತು ಮಂದಿ ಇದ್ದಾರೆ. ನೋವನ್ನೂ ಕಟ್ಟಿಕೊಂಡು ಹೋಗಲೇಬೇಕಾದವನು ಹೇಗೆ ಹೋಗಬೇಕೆಂದು ಹೇಳುವವರು ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಯಳಂದೂರು

ನಮ್ಮ ಕಡೆ ಗೌರಿ ಹಬ್ಬಕ್ಕೆ ಮದುವೆಯಾದ ಹೆಣ್ಣುಮಗಳಿಗೆ ತವರಿನಿಂದ ಬಾಗಿನ ಹೋಗಬೇಕು. ಬಿದಿರಿನ ಜೋಡಿ ಮೊರ. ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಅರಿಸಿನ ಕುಂಕುಮ, ರವಿಕೆ ಕಣ. ಅದರ ಮೇಲೆ ಇನ್ನೊಂದು ಮೊರ ಕವುಚಿ ಮುಚ್ಚಬೇಕು. ತಂದು ಕೈಗೆ ಕೊಡಬೇಕಾದವನು ಒಡಹುಟ್ಟಿದವನು.

ನನ್ನಕ್ಕ ಚೆನ್ನಾಜಮ್ಮನಿಗೆ ಒಡಹುಟ್ಟಿದವನು ನಾನೊಬ್ಬನೇ. ಯಳಂದೂರಿನಲ್ಲಿ ನಮ್ಮ ತಾಯಿ ತೀರಿಕೊಂಡಾಗ ನಾನು ಕೈಗೂಸು. ಅಕ್ಕನೇ ಸಾಕಿದಳು. ನನ್ನ ಭಾವ ರಾಮಾಪುರದ ಕಡೆಯವನು, ಕನ್ನಡದಷ್ಟೇ ಸರಾಗವಾಗಿ ತಮಿಳು ಬಲ್ಲವನು. ಸಿಂಹಳದ ಚಹಾ ತೋಟದಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತೆಂದು ಮದುವೆಯಾದ ವರ್ಷವೇ ಅವಳನ್ನು ಕಡಲಾಚೆ ಕರೆದುಕೊಂಡು ಹೋದ. ಆಗ ನನಗೆ ಮೀಸೆ ಬಂದಿರಲಿಲ್ಲ. ಆಮೇಲೆ ಬಂದ ಮೀಸೆ ಈಗ ನರೆತಿದೆ. ಇಷ್ಟು ವರ್ಷವೂ ಬಾಗಿನದ ಬದಲು ಮನಿಯಾರ್ಡರು ಹೋಗುತ್ತಿತ್ತು. ಈ ಸಲ ಅಕ್ಕ, ಊರಿಗೆ ಬರುತ್ತಿದ್ದ ತೋಟದವರೊಬ್ಬರ ಬಾಯಲ್ಲಿ ಹೇಳಿ ಕಳಿಸಿದಳು. ಅವರು ಅವಳ ಮಾತನ್ನು ಅವಳ ದನಿಯಲ್ಲೇ ಒಪ್ಪಿಸಿದರು:

"ದುಡ್ಡು ಬ್ಯಾಡ ಕಣ್ಲಾ. ದುಡ್ಡ ಪೋಸ್ಟ್‌ನವನು ಕೊಡ್ತಾನೆ, ಅವನೇನು ನನ್ ತಮ್ಮನಾ? ನನ್ ಮಂಡಿ ಎರಡೂ ಓಗವೆ, ನಾನ್ ಬರಕಾಗಕಿಲ್ಲ. ನೀನೇ ಬಂದು ಮೊರ ಕೈಗ್ ಕೊಡು. ಈ ಗೌರಿಗೂ ಬರ್ದೇ ಓದ್ರೆ, ನನಗೆ ತವರು ಇಲ್ಲ ಅಂದ್ಕತೀನಿ."

ಅವಳ ಮಂಡಿ ಹೋಗಿದ್ದರೆ ನನ್ನ ಸೊಂಟ ಹೋಗಿತ್ತು. ಹರೆಯದಲ್ಲಿ ಹನೂರಿನ ಹಳ್ಳಿಗಳಿಂದ ಕೊಳ್ಳೇಗಾಲಕ್ಕೆ ರೇಷ್ಮೆಗೂಡಿನ ಮಂಕರಿ ಹೊತ್ತು ನಡೆದವನು ನಾನು. ಆ ದಾರಿಯೇ ನನಗೆ ಅಂಗಡಿ ಕಟ್ಟಿಕೊಟ್ಟಿತು, ಈ ನೋವನ್ನೂ ಕೊಟ್ಟಿತು. ಎಡಸೊಂಟದಲ್ಲಿ ಹೊರಟು, ತೊಡೆಯ ಹಿಂದಿನಿಂದ ಇಳಿದು, ಮೀನಖಂಡದಲ್ಲಿ ಹೋಗಿ ಕೂರುತ್ತದೆ. ನಡೆದರೆ ಗೊಣಗುತ್ತದೆ, ಮಲಗಿದರೆ ಪಿಸುಗುಡುತ್ತದೆ, ಕೂತರೆ ಕಚ್ಚುತ್ತದೆ. ಅದರಲ್ಲೂ ಕಾರಿನಲ್ಲಿ ಕೂತರೆ. ಮೈಸೂರಿನ ಡಾಕ್ಟರು ಬಲು ನಯವಾಗಿ, "ಇನ್ನು ಮೇಲೆ ದೂರದ ಕಾರು ಪ್ರಯಾಣ ಮರೆತುಬಿಡಿ" ಎಂದಿದ್ದರು.

ನಾನು ಮರೆಯಲಿಲ್ಲ. ಯಳಂದೂರಿನ ಮೇದರ ಬೀದಿಯಲ್ಲಿ ನಿಂತು, ಹಸಿ ವಾಸನೆ ಇನ್ನೂ ಆರದ ಜೋಡಿ ಮೊರ ಆರಿಸಿದೆ. ಅಲ್ಲಿಂದ ಬಿಳಿಗಿರಿ ಬೆಟ್ಟ ನೀಲಿಯಾಗಿ, ಯಾರೋ ಒಗೆದು ಹರವಿದ ಸೀರೆಯ ಹಾಗೆ ಕಾಣುತ್ತಿತ್ತು.

ಕೊಳ್ಳೇಗಾಲ, ಹನೂರು

ನನ್ನ ಎಣಿಕೆ ಹೀಗಿತ್ತು. ಬಸ್ಸು ಬೇಡವೇ ಬೇಡ. ಕೊಳ್ಳೇಗಾಲದಿಂದ ಹನೂರು, ರಾಮಾಪುರದ ಮೇಲೆ ಘಟ್ಟ ಇಳಿದು ಈರೋಡಿನವರೆಗೆ ಮಾತ್ರ ಕಾರು. ಆಮೇಲೆ ಕಡಲ ದಂಡೆಯವರೆಗೂ ರೈಲು, ಕಡಲಿಗೆ ಹಡಗು, ಆಚೆ ದಡದಿಂದ ಅಕ್ಕನ ಬೆಟ್ಟದವರೆಗೂ ಮತ್ತೆ ರೈಲು. ರೈಲಿನಲ್ಲಿ ಮಲಗಬಹುದು. ಅಂದರೆ ನೋವಿನ ಪಾಲಿಗೆ ಒಂದೇ ಒಂದು ಹಗಲು.

ಕಾರಿನಲ್ಲಿ ಕೂರುವುದಕ್ಕೂ ಒಂದು ರೀತಿ ಇದೆ. ಕಾಲು ಮೊದಲು ಇಡಬೇಡಿ. ಬಾಗಿಲಿಗೆ ಬೆನ್ನು ತಿರುಗಿಸಿ ನಿಂತು, ಮೊದಲು ಕುಂಡೆ ಊರಿ, ಆಮೇಲೆ ಎರಡೂ ಕಾಲನ್ನು ಜೋಡಿಸಿ ಒಟ್ಟಿಗೆ ಒಳಗೆ ತನ್ನಿ. ನಮ್ಮ ಮದುಮಗಳು ಗಾಡಿ ಹತ್ತುವ ಹಾಗೆ. ಬೆನ್ನಿಗೆ ಹತ್ತಿ ದಿಂಬು ಇಟ್ಟರೆ ಒಂದು ಗಂಟೆಗೇ ಚಪ್ಪಟೆಯಾಗುತ್ತದೆ. ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆ ಸಿಕ್ಕನ್ನು ತುಂಬಿ ಸಣ್ಣ ದಿಂಬು ಹೊಲಿಸಿ. ಒತ್ತಿದಷ್ಟೂ ಒತ್ತುತ್ತದೆ, ಸೋಲುವುದಿಲ್ಲ.

ಟ್ಯಾಕ್ಸಿಯ ರಾಚಯ್ಯ ನನ್ನ ಹಳೆಯ ಪರಿಚಯದವನು. ಅವನ ಜೊತೆ ನಾನು ಚೌಕಾಸಿ ಮಾಡಿದ್ದು ನಿಲ್ಲಿಸುವ ಜಾಗಕ್ಕೆ.

"ಕಾಮಗೆರೇಲಿ ಒಂದ್ಸಲ, ಹನೂರ್ನಲ್ಲಿ ಒಂದ್ಸಲ, ರಾಮಾಪುರದಲ್ಲಿ ಒಂದ್ಸಲ ನಿಲ್ಲಿಸ್ಬೇಕು" ಎಂದೆ.

"ಅಂಗೆ ಮೂರ್ ಮೂರು ಮೈಲಿಗೆ ನಿಲ್ಸಿದ್ರೆ ನಾವು ಈರೋಡಲ್ಲ ಸಾ, ಮುಂದಿನ್ ವರ್ಷದ ಗೌರಿಗೆ ಓಗ್ಬೇಕಾಯ್ತದೆ!"

ನನ್ನ ಹೆಂಡತಿ ಮಾದೇವಮ್ಮ ಮೊರ ಹಿಡಿದು ಹಿಂದೆ ಕೂತಿದ್ದಳು. "ಬುಡಪ್ಪ ರಾಚಯ್ಯ. ಇವರು ನಿಲ್ಸು ಅಂದಾಗ ನಿಲ್ಸು. ಇಲ್ದಿದ್ರೆ ದಾರಿಯುದ್ದಕ್ಕೂ ನಿನಗೆ ಬುದ್ಧಿ ಯೋಳ್ತಾರೆ, ಅದಕ್ಕಿಂತ ನಿಲ್ಸೋದು ವಾಸಿ" ಎಂದಳು.

ನಾನು ನೋವಿನ ಜೊತೆಗೂ ಚೌಕಾಸಿ ಮಾಡುತ್ತೇನೆ. ಬಹಳ ವರ್ಷದಿಂದ ಜೊತೆಗಿರುವ ಪಾಲುದಾರ ಅದು. ಬೈದರೆ ಕೇಳುವುದಿಲ್ಲ, ಬೇಡಿದರೆ ಹೆಚ್ಚು ಕೇಳುತ್ತದೆ. 'ಹನೂರಿನವರೆಗೆ ಸುಮ್ಮನಿರು, ಅಲ್ಲಿ ಇಳಿದು ನಿಲ್ಲುತ್ತೇನೆ' ಎನ್ನಬೇಕು. ಹಾಗೆಂದ ಮೇಲೆ ಮಾತಿಗೆ ತಪ್ಪಬಾರದು. ಹನೂರು ಬಂದಾಗ ನೋವು ಕಡಿಮೆ ಇದ್ದರೂ ಇಳಿದು ನಿಲ್ಲಲೇಬೇಕು. ಇಲ್ಲದಿದ್ದರೆ ಮುಂದಿನ ಸಲ ಅದು ನಮ್ಮನ್ನು ನಂಬುವುದಿಲ್ಲ.

ರಾಮಾಪುರ ದಾಟಿದ ಮೇಲೆ ಹೊಲ ಮುಗಿದು ಕಾಡು ಶುರುವಾಯಿತು. ಸಣ್ಣ ಬಿಸಿಲಿನಲ್ಲಿ ಮುಳ್ಳುಗಿಡಗಳೆಲ್ಲ ಹೊಗೆಯ ಹಾಗೆ ತೇಲುತ್ತಿದ್ದವು. ಯಾವ ಮರದಿಂದ ಮುಂದಕ್ಕೆ ಮೈಸೂರು ಸೀಮೆಯಲ್ಲ, ತಮಿಳು ಸೀಮೆ ಎಂದು ಯಾರೂ ಬರೆದು ನಿಲ್ಲಿಸಿರಲಿಲ್ಲ. ನಾನು ಚಿಕ್ಕವನಿದ್ದಾಗ ಯಳಂದೂರು ಮಹಾರಾಜರದು, ಕೊಳ್ಳೇಗಾಲ ಮದರಾಸಿನದು. ಯಳಂದೂರಿನಿಂದ ಮಂಕರಿ ಹೊತ್ತು ಕೊಳ್ಳೇಗಾಲಕ್ಕೆ ಬಂದ ದಿನವೇ ನಾನು ಮೊದಲ ಗಡಿ ದಾಟಿದ್ದೆ. ಅದೂ ಒಂದು ಹೊರದೇಶವೇ ಆಗಿತ್ತು. ಅಲ್ಲಿ ಕಲಿತ ತಮಿಳು ಮುಂದೆ ಸಿಂಹಳದಲ್ಲಿ ಕೈ ಹಿಡಿಯಿತು.

ಕಡಲು

ಕಡಲಿನಲ್ಲಿ ಹಳ್ಳವಿಲ್ಲ, ದಿಬ್ಬವಿಲ್ಲ, ಬ್ರೇಕಿಲ್ಲ. ಧನುಷ್ಕೋಡಿಯಲ್ಲಿ ಹತ್ತಿದ ಹಡಗಿನ ಮೇಲ್ಗಡೆ ಒಂದು ಬೆಂಚು ಹಿಡಿದು ಮಲಗಿದೆ. ಹಡಗು ನನ್ನನ್ನು ಮೆಲ್ಲಗೆ ಎತ್ತಿತು, ಮೆಲ್ಲಗೆ ಇಳಿಸಿತು. ತೊಟ್ಟಿಲಿನಲ್ಲಿದ್ದಾಗ ಹೀಗೇ ಇದ್ದಿರಬೇಕು. ಎಷ್ಟೋ ವರ್ಷದಿಂದ ಬಿಡದೆ ಕೂಗುತ್ತಿದ್ದ ಸೊಂಟ ಮೊದಲ ಸಲ ಮಾತು ನಿಲ್ಲಿಸಿತು. ಅದು ಇಲ್ಲವಾದಾಗ ನನಗೆ ಸ್ವಲ್ಪ ದಿಗಿಲೂ ಆಯಿತು. ಮನೆಯಲ್ಲಿ ಗಡಿಯಾರ ನಿಂತರೆ ಆಗುವ ಹಾಗೆ. ನೀರು ಹಸಿರಾಗಿತ್ತು, ಆಮೇಲೆ ಬೆಳ್ಳಗಾಯಿತು, ಆಮೇಲೆ ನೀರು ಯಾವುದು ಆಕಾಶ ಯಾವುದು ತಿಳಿಯದಾಯಿತು. ಇನ್ನೂ ದೂರವಿರಬಾರದೇ ಆಚೆ ದಡ ಎನ್ನಿಸಿತು.

ದಡದಲ್ಲಿ ಸುಂಕದ ಅಧಿಕಾರಿ ಮೊರ ಬಿಚ್ಚಿಸಿದ. ಅಕ್ಕಿ, ಬೇಳೆ, ತೆಂಗಿನಕಾಯಿ ಒಳಗೆ ಬಿಡುವುದಿಲ್ಲ ಎಂದ. ಕಾಳಿನ ಜೊತೆ ಹುಳ ಬರುತ್ತದಂತೆ. ನಾನು ತಮಿಳಿನಲ್ಲಿ ಗೌರಿ ಹಬ್ಬವನ್ನೆಲ್ಲ ವಿವರಿಸಿದೆ. ಅವನು ತಲೆದೂಗುತ್ತ ಕೇಳಿದ, ಕೊನೆಗೆ ಅಕ್ಕಿಯ ಗಂಟನ್ನು ಪಕ್ಕಕ್ಕೆ ಇಟ್ಟ. ಮೊರವನ್ನೂ ಎತ್ತಿಕೊಳ್ಳಲು ಹೋದಾಗ ನಾನು ಬಿಡಲಿಲ್ಲ. "ಒಣಗಿದ ಬಿದಿರು. ಇದರಲ್ಲಿ ಜೀವ ಇಲ್ಲ" ಎಂದೆ. ಅವನು ಮೂಸಿ ನೋಡಿದ. ಹಸಿ ವಾಸನೆ ಬರದಿರಲಿ ಎಂದು ನಾನು ಮಾದಪ್ಪನಿಗೆ ಹೇಳಿಕೊಂಡೆ. ಕಡಲ ಗಾಳಿ ಆ ಕೆಲಸ ಮುಗಿಸಿತ್ತು.

"ತವರಿನ ಅಕ್ಕಿ ಓಯ್ತಲ್ರೀ" ಎಂದು ಮಾದೇವಮ್ಮ ಕಣ್ಣೊರೆಸಿಕೊಂಡಳು.

"ತವರು ಮೊರದಲ್ಲೇ ಅದೆ. ಅಕ್ಕಿ ಯಾರ ಗದ್ದೇದಾದ್ರೇನು" ಎಂದೆ. ಬಾಯಿಗೆ ಬಂದ ಸಮಾಧಾನ. ಆದರೂ ಅವಳು ಅದನ್ನು ನಂಬಿದಳು.

ಕ್ಯಾಂಡಿ

ಹಬ್ಬದ ದಿನ ಬೆಳಗ್ಗೆ ಕ್ಯಾಂಡಿಯಲ್ಲಿ ಇಳಿದೆವು. ಅಲ್ಲಿಂದ ಮುಂದಕ್ಕೆ ಬೆಟ್ಟದ ರೈಲು. ಸ್ಟೇಷನ್ನಿನಲ್ಲಿ ಕೊಡೆ ಹಿಡಿದು ನಿಂತಿದ್ದವರೊಬ್ಬರು ಹೇಳಿದರು: ರಾತ್ರಿಯ ಮಳೆಗೆ ಮೇಲುಗಡೆ ಗುಡ್ಡ ಜರಿದು ಹಳಿಯ ಮೇಲೆ ಬಿದ್ದಿದೆ, ಇವತ್ತು ರೈಲಿಲ್ಲ, ನಾಳೆಯೂ ಅನುಮಾನ.

ನನ್ನ ಎಣಿಕೆಯೆಲ್ಲ ಆ ಪ್ಲಾಟ್‌ಫಾರಂ ಮೇಲೆ ಕುಸಿಯಿತು. ದೀಪ ಹಚ್ಚುವುದರೊಳಗೆ ಬಾಗಿನ ಅಕ್ಕನ ಕೈ ಸೇರಬೇಕು. ಇನ್ನುಳಿದದ್ದು ಕಾರು. ಅದೂ ಬೆಟ್ಟದ ದಾರಿ, ತಿರುವಿಗೆ ಲೆಕ್ಕವಿಲ್ಲ.

ಕಾರಿನವನ ಹೆಸರು ಪಿಯದಾಸ. ಸಿಂಹಳದವನು, ಒಡಕು ತಮಿಳು ಬಲ್ಲವನು, ತಲೆಗೆ ಎಣ್ಣೆ ಹಾಕಿ ಬಾಚಿ ಹಣೆಯ ಮೇಲೊಂದು ಅಲೆ ಬಿಟ್ಟವನು. ಕಾರು ಹಳೆಯದು, ದೊಡ್ಡದು, ಹಿಂದಿನ ಸೀಟು ನಮ್ಮ ಜಗಲಿಯಷ್ಟು ಅಗಲ. ನಿಲ್ಲಿಸುವ ಜಾಗಕ್ಕೆ ಚೌಕಾಸಿ ಶುರುಮಾಡಿದೆ. ನಾನು ಕೇಳಿದಷ್ಟಕ್ಕೆ ಅವನು ಅರ್ಧ ಎಂದ, ನಾನು ಏರಿಸಿದೆ, ಅವನು ಇಳಿಸಿದ. ಸುಮಾರು ಹೊತ್ತು ಎಳೆದಾಡಿ, ಗೆದ್ದೆ ಎಂದುಕೊಂಡು ಹತ್ತಿದೆ.

ಊರು ಬಿಡುವ ಮೊದಲೇ ಅವನು ಒಂದು ಬುದ್ಧನ ಗುಡಿಯ ಮುಂದೆ ನಿಲ್ಲಿಸಿ, ಇಳಿದು, ಕಾಸು ಹಾಕಿ, ಕೈಮುಗಿದು ಬಂದ. ಇನ್ನೊಂದು ತಿರುವಿನಲ್ಲಿ ಪಿಳ್ಳೆಯಾರ್ ಎಂದು ನಮ್ಮ ಗಣಪತಿ, ಅಲ್ಲೂ ನಿಲ್ಲಿಸಿದ. ಮುಂದೆ ಗಾಜಿನ ಪೆಟ್ಟಿಗೆಯೊಳಗೆ ಕ್ರೈಸ್ತರ ಸಂತರೊಬ್ಬರು, ಅಲ್ಲೂ. ಬೆಟ್ಟ ಹತ್ತುವ ಯಾವ ಡ್ರೈವರೂ ದಾರಿಯ ದೇವರನ್ನು ಮಾತಾಡಿಸದೆ ಹೋಗುವುದಿಲ್ಲವಂತೆ. ನಮ್ಮಲ್ಲೂ ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸಿನವರು ಘಟ್ಟದ ಬುಡದಲ್ಲಿ ಕರ್ಪೂರ ಹಚ್ಚುತ್ತಾರೆ, ಆದರೆ ಒಬ್ಬನೇ ದೇವರಿಗೆ. ಇವನದು ಎಲ್ಲರಿಗೂ. ಅವನು ಕೈಮುಗಿಯುವಾಗಲೆಲ್ಲ ನಾನು ಇಳಿದು ಕಾಲು ನೀಡುತ್ತಿದ್ದೆ. ನಾನು ಅಷ್ಟು ಕಷ್ಟಪಟ್ಟು ಗೆದ್ದ ಚೌಕಾಸಿ ಬೇಕಾಗಿಯೇ ಇರಲಿಲ್ಲ.

"ನಿಮಗಿಂತ ದ್ಯಾವರೇ ಚೆನ್ನಾಗ್ ಯಾಪಾರ ಮಾಡ್ತಾವೆ ಕಣ್ರಿ" ಎಂದಳು ಮಾದೇವಮ್ಮ.

ಗಂಪೊಲದ ಸಂತೆಯಲ್ಲಿ ಅಕ್ಕಿ, ಬೇಳೆ, ಕಾಯಿ ಕೊಂಡು ಮೊರ ತುಂಬಿದಳು. ಅಲ್ಲಿನ ಎಳನೀರು ಕಿತ್ತಳೆ ಬಣ್ಣದ್ದು. ಮಳೆ ಬರಲಿ ಬಿಡಲಿ ಎಲ್ಲರ ಕೈಯಲ್ಲೂ ಕರಿಯ ಕೊಡೆ. ಗಂಡಸರೂ ಹೆಂಗಸರೂ ಬೆಳ್ಳಗೆ ಉಟ್ಟು, ಹೂವಿನ ತಟ್ಟೆ ಹಿಡಿದು, ಯಾವ ಅವಸರವೂ ಇಲ್ಲದೆ ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದರು. ಕಾರು ಅವರನ್ನು ದಾಟುವಾಗ ನಾವೇ ನಿಂತು ಅವರೇ ಹಾದುಹೋದ ಹಾಗಿತ್ತು.

ಗಿನಿಗತ್ತೇನದ ತಿರುವು

ಅಲ್ಲಿಂದ ಮುಂದೆ ಏರು. ಒಂದು ತಿರುವಿನಲ್ಲಿ ಚಹಾದ ಲಾರಿಯೊಂದು ಎದುರಿಗೇ ಬಂತು. ಪಿಯದಾಸ ಬ್ರೇಕು ತುಳಿದ. ನನ್ನ ಸೊಂಟದಲ್ಲಿ ಏನೋ ಕಳಚಿ, ಕಾದ ಸರಳೊಂದು ಹಿಮ್ಮಡಿಯವರೆಗೆ ಇಳಿಯಿತು. ಕೂಗಿದೆನೋ ಇಲ್ಲವೋ ತಿಳಿಯದು. ಮಾದೇವಮ್ಮ ಕೂಗಿದ್ದು ಕೇಳಿತು.

ದಾರಿಹೋಕರು ಇಳಿದುಕೊಳ್ಳಲೆಂದು ಆ ದೇಶದಲ್ಲಿ ಅಲ್ಲಲ್ಲಿ ಹೆಂಚಿನ ಮಂಟಪಗಳಿವೆ. ಅಂಥದೊಂದರ ಕಲ್ಲಿನ ಮೇಲೆ ನನ್ನನ್ನು ಮಲಗಿಸಿದರು. ಮತ್ತೆ ಕೂರಲು ನೋಡಿದೆ. ಆಗಲಿಲ್ಲ. ಇನ್ನೊಮ್ಮೆ. ಆಗಲಿಲ್ಲ. ಯಾವಾಗಲೂ ನೋವಿಗೆ ಏನಾದರೂ ಕೊಟ್ಟು ಮುಂದೆ ಸಾಗುತ್ತಿದ್ದೆ. ಇವತ್ತು ಕೊಡಲು ನನ್ನ ಬಳಿ ಏನೂ ಉಳಿದಿರಲಿಲ್ಲ.

ವಾಪಸು ಕ್ಯಾಂಡಿಯ ಆಸ್ಪತ್ರೆಗೆ ಹೋಗೋಣ ಎಂದ ಪಿಯದಾಸ. ಮಾದೇವಮ್ಮ ನನ್ನ ಪಕ್ಕದಲ್ಲಿ ಕುಕ್ಕರಿಸಿದಳು.

"ನೀವು ಇಲ್ಲೇ ಇರಿ. ಮೊರ ನಾನ್ ತಕಂಡ್ ಓಯ್ತೀನಿ. ಅತ್ತಿಗೆ ಕೈಗ್ ಕೊಟ್ಟು ನಾಳೆ ಬತ್ತೀನಿ."

"ಅವಳು ಕೇಳಿದ್ದು ಮೊರನಾ?"

ಮಂಟಪದ ಹೆಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗಿನ ಕಣಿವೆಯಿಂದ ಮಂಜು ಎದ್ದು, ಒಳಗೆ ಬರಲೋ ಬೇಡವೋ ಎಂದು ಅನುಮಾನಿಸುತ್ತ ಕಂಬದ ಬಳಿ ನಿಂತಿತ್ತು. ನಾನು ಮೇಲೆ ನೋಡುತ್ತ ಮಲಗಿದ್ದೆ. ಮಲಗಿದಷ್ಟೂ ಹೊತ್ತು ನೋವು ತನ್ನ ಜಾಗದಲ್ಲೇ ಇತ್ತು, ಮುಂದೆ ಬರಲಿಲ್ಲ. ಆಗ ಹೊಳೆಯಿತು. ಕಾರಿನಲ್ಲಿ ಕೂರಲೇಬೇಕೆಂದು ಯಾರು ಹೇಳಿದರು? ದೂರ ಹೋಗಬೇಡಿ ಎಂದವರೂ, ಕೂರುವ ರೀತಿ ಇದು ಎಂದು ಊರಿಗೆಲ್ಲ ಹೇಳಿಕೊಡುವ ನಾನೂ, ಯಾರೂ ಇದನ್ನು ಯೋಚಿಸಿರಲಿಲ್ಲ.

"ಮಾದೇವಿ, ನೀನು ಮುಂದೆ ಕೂರು. ನಾನು ಹಿಂದೆ ಮಲಗ್ತೀನಿ" ಎಂದೆ.

ಪಿಯದಾಸ ಬೇಡವೆಂದು ಕೈಯಾಡಿಸಿದ. ಮಲಗಿದವನನ್ನು ಬೆಟ್ಟ ಇಳಿಸುತ್ತಾರೆ, ಹತ್ತಿಸುವುದಿಲ್ಲ, ಒಳ್ಳೆಯದಲ್ಲ ಎಂದ. "ಹಾಗಾದರೆ ಮುಂದಿನ ಎಲ್ಲ ದೇವರಿಗೂ ನನ್ನ ಕಾಸು" ಎಂದೆ. ಅವನು ಸ್ವಲ್ಪ ಯೋಚಿಸಿದ. ಚೌಕಾಸಿ ಮುಗಿಯಿತು.

ಮಲಗಿದ ದಾರಿ

ಮಂಡಿ ಮಡಚಿ, ಸೊಂಟದ ಕೆಳಗೆ ರೇಷ್ಮೆ ಸಿಕ್ಕಿನ ದಿಂಬಿಟ್ಟು, ತಲೆಯನ್ನು ಒಂದು ಬಾಗಿಲಿಗೆ ಆನಿಸಿ ಮಲಗಿದೆ. ಎದುರಿನ ಕಿಟಕಿಯೊಂದೇ ನನ್ನ ಸಿಂಹಳ.

ನೆಲವಿಲ್ಲದ ದೇಶ ಅದು. ಮರಗಳಿಗೆ ಬುಡವಿರಲಿಲ್ಲ, ಬರೀ ನೆತ್ತಿ. ಮನೆಗಳಿಗೆ ಗೋಡೆಯಿರಲಿಲ್ಲ, ಬರೀ ಹೆಂಚು, ಹೊಗೆ. ತಂತಿಕಂಬಗಳ ತಂತಿ ಏರುತ್ತ ಇಳಿಯುತ್ತ ಬರುತ್ತಿತ್ತು, ಬಿಸಿನೀರಿನಲ್ಲಿಟ್ಟ ರೇಷ್ಮೆಗೂಡಿನಿಂದ ಎಳೆ ಎದ್ದು ರಾಟೆಗೆ ಸುತ್ತಿಕೊಳ್ಳುವ ಹಾಗೆ; ಆ ಎಳೆಯನ್ನು ಯಾರೋ ದೂರದಲ್ಲಿ ಕೂತು ಸುತ್ತುತ್ತಿದ್ದರು, ನಾನು ಅದರ ತುದಿಯಲ್ಲಿ ಉರುಳುವ ಗೂಡಾಗಿದ್ದೆ. ತಿರುವಿಗೊಮ್ಮೆ ಬೆಟ್ಟ ಕಿಟಕಿಯೊಳಗೆ ಓರೆಯಾಗಿ ಬಂದು, ಹಸಿರು ಚೆಲ್ಲಿ, ಹೋಗುತ್ತಿತ್ತು. ಕೆಲವೊಮ್ಮೆ ಚಹಾ ಕೀಳುವ ಹೆಂಗಸರ ಬೆನ್ನಬುಟ್ಟಿಗಳ ಬಾಯಿ ಮಾತ್ರ ಸಾಲಾಗಿ ಮೋಡದೊಳಗೆ ತೇಲುತ್ತಿದ್ದವು.

ಮುಂದಿನ ಸೀಟಿನಿಂದ ಮಾದೇವಮ್ಮ ನೆಲದ ಸುದ್ದಿ ಕೊಡುತ್ತಿದ್ದಳು.

"ಅಯ್ಯೋ, ನೋಡೀಂದ್ರೆ! ನೀರು ಬೀಳ್ತಾ ಅದೆ, ಎಂಥಾ ಎತ್ತರದಿಂದ!"

"ನಮ್ಮ ಶಿವನಸಮುದ್ರದಷ್ಟದಾ?"

"ಅಷ್ಟು ನೀರಿಲ್ಲ. ಆದ್ರೆ ಬಿಳೀ ಸೀರೆ ಇಳೀಬುಟ್ಟಂಗೆ ಅದೆ. ಬರೀ ಸೀರೆ, ಅಂಚೇ ಇಲ್ಲ."

ಆ ಜಲಪಾತವನ್ನು ನಾನು ನೋಡಲಿಲ್ಲ. ಅದರ ಸದ್ದು ಒಂದು ಕಿವಿಯಿಂದ ಇನ್ನೊಂದಕ್ಕೆ ಹಾದುಹೋಯಿತು. ಈಗಲೂ ಕಣ್ಣು ಮುಚ್ಚಿದರೆ ಕಾಣುವುದು ಅದೇ ಅಂಚಿಲ್ಲದ ಸೀರೆ.

ಒಂದು ಊರಿನಲ್ಲಿ ಪಿಯದಾಸ ದೇವರಿಗೆ ನಿಲ್ಲಿಸಿದಾಗ, ಕಿಟಕಿಯೊಳಗೆ ಹಣ್ಣುಹಣ್ಣು ಮುದುಕರೊಬ್ಬರ ಮುಖ ಬಂತು. ಬಿಳಿಯ ಪಂಚೆ ಹೊದ್ದು ಅಲ್ಲಾಡದೆ ಮಲಗಿದ್ದ ನನ್ನನ್ನು ನೋಡಿ, ಕೊಡೆ ಮಡಚಿ, ಕಣ್ಣು ಮುಚ್ಚಿ, ಕೈಮುಗಿದು ಏನೋ ಮಂತ್ರ ಹೇಳತೊಡಗಿದರು. ಹೆಣವೆಂದುಕೊಂಡಿದ್ದರು. ಸುಮ್ಮನಿದ್ದರೆ ಮರ್ಯಾದೆಯಲ್ಲ ಎಂದು ನಾನೂ ಕೈಮುಗಿದೆ. ಕಣ್ಣು ಬಿಟ್ಟ ಮುದುಕರು ಕೊಡೆಯನ್ನು ಅಲ್ಲೇ ಬಿಟ್ಟು ಓಡಿದರು. ಪಿಯದಾಸ ಸ್ಟೀರಿಂಗಿನ ಮೇಲೆ ಬಿದ್ದು ಬಿದ್ದು ನಕ್ಕ. ಕೊಡೆಯನ್ನು ಗುಡಿಯ ಕಟ್ಟೆಗೆ ಒರಗಿಸಿ ಹೊರಟೆವು.

ಹ್ಯಾಟನ್ ಎಂಬ ಊರಿನಲ್ಲಿ ಚಹಾ. ಅಲ್ಲಿ ಚಹಾಕ್ಕೆ ಸಿಹಿ ಹಾಕುವುದಿಲ್ಲ. ಅಂಗೈಯಲ್ಲಿ ಒಂದು ತುಂಡು ತಾಳೆಬೆಲ್ಲ ಕೊಡುತ್ತಾರೆ, ಕಚ್ಚುತ್ತ ಕುಡಿಯಬೇಕು. ಮಲಗಿ ಚಹಾ ಕುಡಿಯುವುದನ್ನು ಮಾತ್ರ ಯಾರೂ ಪ್ರಯತ್ನಿಸಬೇಡಿ. ಬೆಲ್ಲ ಬಾಯಿಗೆ ಹೋಯಿತು, ಚಹಾ ಕಿವಿಗೆ ಹೋಯಿತು.

ಅಕ್ಕನ ಬೆಟ್ಟ

ಹೊತ್ತು ಇಳಿಯುತ್ತಿತ್ತು. ತೋಟದೊಳಗೆ ಕಾರು ನಿಂತಲ್ಲಿಂದ ಅಕ್ಕನ ಮನೆಗೆ ರಸ್ತೆಯಿರಲಿಲ್ಲ. ಗುಡ್ಡದ ಮೈಗೆ ಕಡಿದ ಕಲ್ಲಿನ ಮೆಟ್ಟಿಲು. ಪಿಯದಾಸ ನನ್ನನ್ನು ನಿಧಾನವಾಗಿ ಹೊರಗೆ ತೆಗೆದು ನಿಲ್ಲಿಸಿದ. ಆ ಹೊತ್ತಿಗೆ ನಿಲ್ಲುವುದು ಆಗುತ್ತಿತ್ತು. ಮೆಟ್ಟಿಲನ್ನು ನೋಡಿದೆ. ಅದು ಮಂಜಿನೊಳಗೆ ಹೋಗಿ ಕಾಣೆಯಾಗುತ್ತಿತ್ತು.

ಭಾವ ಇಳಿದು ಬಂದ. ಕೂದಲೆಲ್ಲ ಬೆಳ್ಳಗೆ, ಕಿವಿ ಮಂದ. ನನ್ನ ಎರಡೂ ಕೈ ಹಿಡಿದುಕೊಂಡು ಜೋರಾಗಿ ಮಾತಾಡಿದ.

"ಮೂರು ಮಂದಿ ಆಳುಗಳನ್ನ ಕರೆಸಿದ್ದೆ, ಕುರ್ಚಿ ಮೇಲೆ ಕೂರಿಸಿ ಅವಳನ್ನ ಇಳಿಸಾಣ ಅಂತ. ಒಪ್ಪಕಿಲ್ಲ ಅಂತಾಳೆ. 'ಹೊತ್ಕಂಡ್ ಓಗಕ್ಕೆ ನಾನೇನ್ ಸತ್ತಿದ್ದೀನಾ' ಅಂತಾಳೆ!"

"ನನ್ನನ್ನೂ ಹೊರಬೇಡಿ" ಎಂದೆ. ಎತ್ತಿದರೆ ಸೊಂಟ ಮುರಿಯುತ್ತದೆ ಎಂಬುದು ನನಗೆ ಗೊತ್ತಿತ್ತು.

ಸೊಂಟ ಹಿಡಿದವರಿಗೆ ಮೆಟ್ಟಿಲಿನ ಒಂದು ಉಪಾಯವನ್ನು ಹೇಳಿಬಿಡುತ್ತೇನೆ. ಮುಂದೆ ನೋಡಿಕೊಂಡು ಹತ್ತಿದರೆ ಬಾಗಬೇಕು, ಬಾಗಿದರೆ ಹಿಡಿಯುತ್ತದೆ. ಹಿಂದುಹಿಂದಾಗಿ ಹತ್ತಿ. ಬೆಟ್ಟಕ್ಕೆ ಬೆನ್ನು ಮಾಡಿ, ಒಳ್ಳೆಯ ಕಾಲನ್ನು ಮೊದಲು ಮೇಲಿಟ್ಟು, ನೋಯುವ ಕಾಲನ್ನು ಆಮೇಲೆ ಎಳೆದುಕೊಳ್ಳಿ. ನಮ್ಮ ಅಂಗಡಿಯ ಅಟ್ಟಕ್ಕೆ ನಾನು ಹೀಗೇ ಹತ್ತುವುದು. ಭಾವ ಒಂದು ಪಕ್ಕ, ಪಿಯದಾಸ ಇನ್ನೊಂದು ಪಕ್ಕ. ಮಾದೇವಮ್ಮ ಮೊರ ಹಿಡಿದು ಕೆಳಗಿನ ಮೆಟ್ಟಿಲಲ್ಲಿ, ನನ್ನ ಮುಖ ನೋಡಿಕೊಂಡು ಬರುತ್ತಿದ್ದಳು.

ಹತ್ತುತ್ತ ಹತ್ತುತ್ತ ಕಾರು ಸಣ್ಣದಾಯಿತು. ಕಣಿವೆ ತೆರೆಯಿತು. ಗಿನಿಗತ್ತೇನದಿಂದ ನೆಲವನ್ನೇ ಕಾಣದಿದ್ದ ನನಗೆ ನೆಲವೆಲ್ಲ ಒಟ್ಟಿಗೆ ಕಂಡಿತು. ಚಹಾಗಿಡದ ಸಾಲುಗಳು ಬಾಚಿದ ಕೂದಲಿನ ಹಾಗೆ, ಅದರ ನಡುವೆ ಬೈತಲೆಯಂತೆ ದಾರಿ, ದೂರದಲ್ಲೊಂದು ಮೊನಚು ಬೆಟ್ಟ, ಅದರ ತುದಿಯಲ್ಲಿ ಇನ್ನೂ ಆರದ ಒಂದು ಚೂರು ಬಿಸಿಲು.

ಮೇಲುಗಡೆಯಿಂದ ಏನೋ ಉಜ್ಜುವ ಸದ್ದು ಬರುತ್ತಿತ್ತು. ಉಜ್ಜುವುದು, ನಿಲ್ಲುವುದು, ಉಸಿರು. ಮತ್ತೆ ಉಜ್ಜುವುದು.

ತಿರುಗಿ ನೋಡೋಣವೆಂದರೆ ಸೊಂಟ ತಿರುಗುವುದಿಲ್ಲ. "ಏನದು?" ಎಂದು ಮಾದೇವಮ್ಮನನ್ನು ಕೇಳಿದೆ.

ಅವಳ ಕಣ್ಣು ನನ್ನ ತಲೆಯ ಮೇಲಿನಿಂದಾಚೆಗೆ ನೆಟ್ಟಿತ್ತು. "ಅತ್ತಿಗೆ" ಎಂದಳು. "ಕುಂತ್ಕಂಡೇ ಇಳೀತಾವ್ರೆ. ಒಂದೊಂದೇ ಮೆಟ್ಟಲು. ಮಗು ಇಳ್ಯಂಗೆ."

ನಾನು ಬೇಗ ಬೇಗ ಕಾಲು ಎಳೆದೆ. ಮಂಡಿ ಬಾಗದವಳು ಕೂತು ಇಳಿಯುತ್ತಿದ್ದಾಳೆ. ಸೊಂಟ ಬಾಗದವನು ಹಿಂದುಹಿಂದಾಗಿ ಹತ್ತುತ್ತಿದ್ದಾನೆ. ಇಬ್ಬರ ಮುಖವೂ ಕಣಿವೆಯ ಕಡೆಗೇ. ಅವಳಿಗೆ ನನ್ನ ಬೆನ್ನು ಕಾಣುತ್ತಿತ್ತು; ನನಗೆ ಅವಳ ಉಸಿರು ಮಾತ್ರ ಕೇಳುತ್ತಿತ್ತು. ಹತ್ತಿರವಾಯಿತು. ಇನ್ನೂ ಹತ್ತಿರವಾಯಿತು. ಕೊನೆಗೆ ನನ್ನ ಹಿಮ್ಮಡಿಗೆ ಅವಳ ಕಾಲುಬೆರಳು ತಾಕಿತು.

ಒಂದು ಕೈ ಬಂದು ನನ್ನ ಬೆನ್ನ ಮೇಲೆ ಕೂತಿತು. ಸರಿಯಾಗಿ ಅದೇ ಜಾಗದಲ್ಲಿ, ಎಡಸೊಂಟದ ಮೇಲೆ. ನಾನು ಅವಳಿಗೆ ಹೇಳಿರಲಿಲ್ಲ. ನಾನು ನಡೆಯುವುದನ್ನು ಹಿಂದಿನಿಂದ ನೋಡಿಕೊಂಡೇ ಬಂದಿದ್ದಳಲ್ಲ.

"ಇಷ್ಟು ವರ್ಸಕ್ಕೆ ಬಂದು ಬೆನ್ ತೋರಿಸ್ತೀಯೇನ್ಲಾ" ಎಂದಳು ಅಕ್ಕ. ಯಳಂದೂರಿನ ಮಾತು, ಒಂದಕ್ಷರ ಮಾಸಿರಲಿಲ್ಲ. "ಮೊಕ ತೋರ್ಸು."

"ತಿರುಗಕ್ಕಾಗಕಿಲ್ಲ ಕಣಕ್ಕ."

"ಇಲ್ಲೇ ಕುಂತ್ಕ ಅಂಗಾದ್ರೆ."

ಭಾವ, ಪಿಯದಾಸ ಸೇರಿ ನನ್ನನ್ನು ಅವಳ ಪಕ್ಕದಲ್ಲಿ, ಅದೇ ಮೆಟ್ಟಿಲಿನ ಮೇಲೆ ಇಳಿಸಿದರು. ಸೊಂಟ ಕಚ್ಚಿತು. ಕಚ್ಚಲಿ ಎಂದು ಬಿಟ್ಟೆ. ಕತ್ತು ತಿರುಗಿಸಿ ನೋಡಿದೆ. ಮುಖ ನಮ್ಮ ತಾಯಿಯದಾಗಿರಬೇಕು. ತಾಯಿಯನ್ನು ನಾನು ನೋಡಿಲ್ಲ. ಅವಳು ನನ್ನ ಮೀಸೆ ಮುಟ್ಟಿ ನೋಡಿದಳು. ಮುಟ್ಟಿ, ನಕ್ಕು, ಸೆರಗಿನಿಂದ ನನ್ನ ಕಿವಿಯ ಹತ್ತಿರ ಒಣಗಿದ್ದ ಚಹಾ ಒರೆಸಿದಳು.

ಮಾದೇವಮ್ಮ ಮೊರ ಮುಂದಕ್ಕೆ ಚಾಚಿದಳು. ನಾನೂ ಕೈ ಕೊಟ್ಟೆ. ಅಕ್ಕ ಸೆರಗೊಡ್ಡಿ ಇಸಿದುಕೊಂಡು ಮಡಿಲಲ್ಲಿಟ್ಟಳು. ಮೇಲಿನ ಮೊರವನ್ನು ಸರಿಸಲೂ ಇಲ್ಲ. ಒಳಗೆ ಏನಿದೆ, ಯಾವ ಊರಿನ ಅಕ್ಕಿ, ನೋಡಲೂ ಇಲ್ಲ. ಬಿದಿರಿನ ಹೆಣಿಗೆಯ ಮೇಲೆ ಕೈಯಾಡಿಸುತ್ತ ಕೂತಳು.

"ಮೇದರ ಬೀದೀದಾ?"

"ಊ ಕಣಕ್ಕ."

"ಎಷ್ಟಕ್ ಕೊಟ್ಟ?"

"ಅವನು ಕೇಳಿದಷ್ಟು ಕೊಟ್ಟೆ."

"ನೀನಾ!" ಎಂದು ಅವಳು ಮತ್ತೆ ನಕ್ಕಳು. ಮಂಡಿ ನೋಯುವಷ್ಟು ನಕ್ಕಳು.

ಮೇಲೆ ಮನೆಯ ಬಾಗಿಲಲ್ಲಿ ಯಾರೋ ದೀಪ ಹಿಡಿದು ನಿಂತಿದ್ದರು. ಪೂಜೆಗೆ ಹೊತ್ತಾಯಿತು, ಬನ್ನಿ ಎಂದು ಭಾವ ಎರಡು ಸಲ ಕೂಗಿ ಹೇಳಿದ. ಮಾದೇವಮ್ಮ ನನ್ನ ತೋಳಿಗೆ ಕೈ ಹಾಕಿದಳು. ನಾನು ಅಕ್ಕನ ಕಡೆ ನೋಡಿದೆ. ನಾನು ಎದ್ದರೆ ಅವಳನ್ನು ಎಬ್ಬಿಸಲಾರೆ, ಅವಳು ಎದ್ದರೆ ನನ್ನನ್ನು ಎಬ್ಬಿಸಲಾರಳು. ಎದುರಿನ ಮೊನಚು ಬೆಟ್ಟದ ಮೇಲಿದ್ದ ಬಿಸಿಲಿನ ಚೂರು ಆಗಷ್ಟೇ ಆರಿತು. ಕಣಿವೆಯ ಮಂಜು ಒಂದೊಂದೇ ಮೆಟ್ಟಿಲು ಹತ್ತಿ ನಮ್ಮ ಕಾಲ ಬಳಿಗೆ ಬಂತು.

"ಗೌರೀನ ಇಲ್ಲಿಗೇ ತಕಂಡ್ ಬನ್ನಿ, ಅವಳ ಮಂಡಿ ಚೆನ್ನಾಗವೆ" ಎಂದು ಅಕ್ಕ ಮೇಲಕ್ಕೆ ಕೂಗಿದಳು. ಆಮೇಲೆ ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದಳು:

"ಏಳಬ್ಯಾಡ ಕಣ್ಲಾ. ಏಳೋ ನೋವು ಎಂಗಿದ್ರೂ ಬತ್ತದೆ. ಇಬ್ರಿಗೂ ಒಟ್ಗೇ ಬರ್ಲಿ."